ಕಾಲು ಗೆರೆ, ಅರ್ಧ ಗೆರೆ

ಹಿತ್ತಿಲಿಗೆ ಹಾಸಿದ್ದ ಸಿಮೆಂಟ್ ಚಪ್ಪಡಿಗಳಲ್ಲಿ ಒಂದನ್ನು ಕಿತ್ತು ಅಡುಗೆಮನೆಯ ಮೇಜಿನ ಮೇಲೆ ತಂದಿಟ್ಟದ್ದೇ ಆ ಜನವರಿಯಲ್ಲಿ ನಮ್ಮ ಮನೆಯಲ್ಲಿ ನಡೆದ ಮೊದಲ ಹೊಸ ಸಂಗತಿ. ಅಲ್ಲಿಯವರೆಗೆ ಎಲ್ಲ ದಿನಗಳೂ ಒಂದೇ ದಿನದ ಹಾಗಿದ್ದವು. ಐರ್ಲೆಂಡಿಗೆ ಮೂರನೆಯ ಸಲ ಲಾಕ್‌ಡೌನ್ ಬಂದಿತ್ತು. ರಾಜಧಾನಿಯ ಅಂಚಿನ ಟಾಲಾದ ನಮ್ಮ ಮನೆಯಿಂದ ಐದು ಕಿಲೋಮೀಟರ್ ಆಚೆಗೆ ಹೋಗುವಂತಿರಲಿಲ್ಲ. ಯಜಮಾನರು ಮಹಡಿಯ ಸಣ್ಣ ಕೋಣೆಯಲ್ಲಿ ಆಫೀಸಿನ ಕಂಪ್ಯೂಟರ್ ಮುಂದೆ ಇರುತ್ತಿದ್ದರು. ಪಕ್ಕದ ಕೋಣೆಯಲ್ಲಿ ಹದಿನಾರು ವರ್ಷದ ಮಗಳು ಹಾಸಿಗೆಯೊಳಗಿಂದಲೇ, ಕ್ಯಾಮೆರಾ ಆಫ್ ಮಾಡಿಕೊಂಡು, ಆನ್‌ಲೈನ್ ಕ್ಲಾಸಿನಲ್ಲಿ ಇದ್ದಳೋ ಇಲ್ಲವೋ ಎಂಬಂತೆ ಇರುತ್ತಿದ್ದಳು. ನಾನು ಕೆಳಗೆ. ಕೆಳಗೆ ಎಂದರೆ ಅಡುಗೆಮನೆಯಿಂದ ಮುಂದಿನ ಕಿಟಕಿಗೆ, ಕಿಟಕಿಯಿಂದ ಹಿಂಬಾಗಿಲಿಗೆ, ಮತ್ತೆ ಅಡುಗೆಮನೆಗೆ. ಕೂತರೆ ಏನೋ ಮರೆತ ಹಾಗೆ ಅನಿಸಿ ಎದ್ದುಬಿಡುತ್ತಿದ್ದೆ. ಒರೆಸಿದ ಕಟ್ಟೆಯನ್ನೇ ಮತ್ತೆ ಒರೆಸುತ್ತಿದ್ದೆ. ಎದುರುಮನೆಯ ಕಸದ ಡಬ್ಬ ಎಷ್ಟು ಹೊತ್ತಿಗೆ ಹೊರಗೆ ಬಂತು, ಮೂಲೆಮನೆಯವರು ನಾಯಿಯನ್ನು ದಿನಕ್ಕೆ ಎಷ್ಟು ಸಲ ತಿರುಗಾಡಿಸಿದರು, ಎಲ್ಲವೂ ನನಗೆ ಗೊತ್ತಿತ್ತು. ನಾಲ್ಕನೆಯ ಸಲಕ್ಕೆ ಆ ನಾಯಿಯೇ ಬಾಗಿಲಲ್ಲಿ ಕೂತು ಬರುವುದಿಲ್ಲ ಎನ್ನುತ್ತಿತ್ತು.

ಅಂಥ ಒಂದು ದಿನ ಮಗಳು ಲ್ಯಾಪ್‌ಟಾಪ್ ಹಿಡಿದು ಕೆಳಗಿಳಿದು ಬಂದಳು.

"ಅಮ್ಮ, ನಂಗೆ ಒಂದು ಸ್ಲ್ಯಾಬ್ ಬೇಕು. ಹಿಂದೆ ಇದೆಯಲ್ಲ, ಬಟ್ಟೆ ಒಣಗಿಸೋ ಜಾಗದಲ್ಲಿ."

"ಯಾತಕ್ಕೆ?"

"ಲೈಟ್‌ಗೆ," ಎಂದಳು, ಇದಕ್ಕಿಂತ ಸರಳವಾಗಿ ಹೇಳಲಾಗದು ಎಂಬ ಹಾಗೆ.

ಅವಳು ಓದುತ್ತಿದ್ದದ್ದು ಟ್ರಾನ್ಸಿಶನ್ ಇಯರ್. ಹೈಸ್ಕೂಲಿನ ನಡುವೆ ಇಲ್ಲಿ ಒಂದು ವರ್ಷವನ್ನು ಪಾಠಕ್ಕಿಂತ ಹೆಚ್ಚಾಗಿ ಪ್ರವಾಸ, ನಾಟಕ, ಪ್ರಾಜೆಕ್ಟು ಅಂತ ಬಿಟ್ಟುಕೊಡುತ್ತಾರೆ. ಮಕ್ಕಳು ಮೂರು ವರ್ಷ ಕಾದು ಕೂತಿರುವ ವರ್ಷ ಅದು. ಇವಳ ಪಾಲಿಗೆ ಪ್ರವಾಸವೂ ಹೋಯಿತು, ನಾಟಕವೂ ಹೋಯಿತು. ಉಳಿದದ್ದು ಒಂದು ಪ್ರಾಜೆಕ್ಟು. ವಿಜ್ಞಾನದ ಯಾವುದಾದರೂ ಹಳೆಯ ಹೆಸರಾಂತ ಪ್ರಯೋಗವನ್ನು ಮನೆಯಲ್ಲಿರುವ ಸಾಮಾನಿನಿಂದಲೇ ಮಾಡಿ, ಎರಡು ವಾರದ ಒಳಗೆ ವರದಿ ಕಳಿಸಬೇಕು ಅಂತ ಫಿಸಿಕ್ಸ್ ಮಿಸ್ ಹೇಳಿದ್ದರಂತೆ. ಮಿಕ್ಕ ಹುಡುಗಿಯರೆಲ್ಲ ದಾರಕ್ಕೆ ಗುಂಡು ಕಟ್ಟಿ ಲೋಲಕ ಮಾಡಿದರೆ, ನಮ್ಮವಳು ಆರಿಸಿಕೊಂಡದ್ದು ಇದನ್ನು.

ಅವಳು ನನಗೆ ವಿವರಿಸಿದ ರೀತಿ ಈಗಲೂ ನೆನಪಿದೆ. ಬೆಳಕು ಅಲೆ ಅಂತ ಹಳೆಯ ಕಾಲದವರಿಗೆ ಗೊತ್ತಾಗಿತ್ತು. ಅಲೆ ಅಂದಮೇಲೆ ಅದು ಯಾವುದೋ ಒಂದರಲ್ಲಿ ಏಳಬೇಕಲ್ಲ. ಕೆರೆಯ ಅಲೆಗೆ ನೀರಿದೆ, ಮಾತಿಗೆ ಗಾಳಿಯಿದೆ. ಸೂರ್ಯನಿಂದ ಇಲ್ಲಿಯವರೆಗೆ ಬೆಳಕಿಗೆ ಏನಿದೆ? ಕಣ್ಣಿಗೆ ಕಾಣದ, ಕೈಗೆ ಸಿಗದ ಒಂದು ವಸ್ತು ಎಲ್ಲೆಲ್ಲೂ ತುಂಬಿದೆ ಅಂತ ಅಂದುಕೊಂಡು ಅದಕ್ಕೆ ಈಥರ್ ಅಂತ ಹೆಸರಿಟ್ಟರು. ಭೂಮಿ ಅದರೊಳಗೆ ಓಡುತ್ತಿದ್ದರೆ ನಮಗೆ ಎದುರುಗಾಳಿ ಬೀಸಿದ ಹಾಗೆ ಈಥರ್ ಬೀಸಬೇಕು.

"ನೀನು ಸೈಕಲ್ ತಗೊಂಡು ಲೂವಾಸ್ ಟ್ರಾಮ್ ಸ್ಟಾಪ್‌ಗೆ ಹೋಗ್ತೀಯ ಅಂತ ಇಟ್ಕೋ," ಎಂದಳು.

"ನಂಗೆ ಸೈಕಲ್ ಬರಲ್ಲ."

"ಇಟ್ಕೋ ಅಮ್ಮ. ಹೋಗ್ತಾ ಎದುರುಗಾಳಿ, ಬರ್ತಾ ಹಿಂದಿನಿಂದ ಗಾಳಿ. ಇನ್ನೊಬ್ಬಳು ಅಷ್ಟೇ ದೂರ ಗಾಳಿಗೆ ಅಡ್ಡ ಹೋಗಿ ಬರ್ತಾಳೆ. ಇಬ್ರೂ ಒಂದೇ ಟೈಮಿಗೆ ವಾಪಸ್ ಬರಲ್ಲ. ಒಬ್ಬಳು ಲೇಟ್."

ಅಮೆರಿಕದಲ್ಲಿ ಇಬ್ಬರು ಬೆಳಕಿಗೆ ಹಾಗೆಯೇ ಮಾಡಿದರಂತೆ. ಪಾದರಸದ ಮೇಲೆ ತೇಲಿಬಿಟ್ಟ ದೊಡ್ಡ ಕಲ್ಲುಚಪ್ಪಡಿ. ಅದರ ಮೇಲೆ ಒಂದು ಬೆಳಕಿನ ಕಿರಣವನ್ನು ಎರಡಾಗಿ ಸೀಳಿ, ಒಂದನ್ನು ನೇರಕ್ಕೆ ಒಂದನ್ನು ಅಡ್ಡಕ್ಕೆ ಕಳಿಸಿ, ಕನ್ನಡಿಗಳಿಂದ ಹಿಂದಕ್ಕೆ ಕರೆಸಿ, ಮತ್ತೆ ಒಂದಾಗಿ ಸೇರಿಸಿದರು. ಎರಡೂ ಸೇರಿದ ಕಡೆ ಕಪ್ಪು ಗೆರೆ, ಬೆಳಕಿನ ಗೆರೆ ಸಾಲಾಗಿ ಮೂಡುತ್ತವೆ. ಈಥರ್ ಬೀಸುತ್ತಿದ್ದರೆ, ಕಲ್ಲನ್ನು ಮೆಲ್ಲಗೆ ತಿರುಗಿಸಿದಾಗ ಆ ಗೆರೆಗಳು ಜರುಗಬೇಕು.

ಈಥರ್ ಎಂಬ ಶಬ್ದ ನನಗೆ ಹೊಸದಲ್ಲ. ಮೈಸೂರಿನ ಕಾನ್ವೆಂಟಿನಲ್ಲಿ ಪಿಯುಸಿ ಸೈನ್ಸ್ ಓದುವಾಗ ಪುಸ್ತಕದಲ್ಲಿ ಅದರ ಒಂದು ಪುಟ ಇತ್ತು. ಆ ಪುಟ ಪರೀಕ್ಷೆಗೆ ಇರಲಿಲ್ಲ, ಹಾಗಾಗಿ ನಾವು ಯಾರೂ ಓದಲಿಲ್ಲ.

"ಅವರಿಗೆ ಕೊನೆಗೆ ಏನು ಸಿಕ್ತು?" ಎಂದೆ.

"ಹೇಳಲ್ಲ. ಹೇಳಿದ್ರೆ ನೀನು ಅದನ್ನೇ ನೋಡ್ತೀಯ. ಗೂಗಲ್ ಮಾಡಕೂಡದು, ಪ್ರಾಮಿಸ್?"

"ನಂಗೆ ಅದೇ ಕೆಲಸ ನೋಡು," ಎಂದೆ. ಗೂಗಲ್ ಮಾಡಲೂ ಇಲ್ಲ. ಅಷ್ಟರ ಮಟ್ಟಿಗೆ ನಾನು ಪ್ರಾಮಾಣಿಕಳೇ.

ಚಪ್ಪಡಿಯನ್ನು ಯಜಮಾನರು ಹೊತ್ತು ತಂದರು. ಅದರ ಅಡಿಗೆ ಅಂಟಿದ್ದ ಮೂರು ಎರೆಹುಳುಗಳನ್ನು ನಾನು ಕಾಗದದ ಮೇಲೆ ಎತ್ತಿಕೊಂಡು ಹೋಗಿ ಗಿಡದ ಬುಡಕ್ಕೆ ಬಿಟ್ಟೆ. ಹಳೆಯ ಟಿವಿಯ ತಿರುಗುವ ಪೀಠ, ಅದರ ಮೇಲೆ ಅವಳು ಚಿಕ್ಕವಳಿದ್ದಾಗಿನ ಬಾತುಕೋಳಿ ಚಿತ್ರದ ಈಜುಟ್ಯೂಬು, ಅರ್ಧ ಗಾಳಿ ತುಂಬಿದ್ದು, ಅದರ ಮೇಲೆ ಚಪ್ಪಡಿ. ಪಾದರಸದ ಬದಲಿಗೆ ನಮಗೆ ಬಾತುಕೋಳಿ. ಪುಟ್ಟ ಕನ್ನಡಿಗಳನ್ನೂ ಗಾಜಿನ ತುಂಡನ್ನೂ ಮಿಸ್ ಸ್ಕೂಲಿನ ಗೇಟಿಗೆ ಒಂದು ಚೀಲದಲ್ಲಿ ತೂಗುಹಾಕಿ ಹೋಗಿದ್ದರು. ಲೇಸರ್ ದೀಪ ಮಾತ್ರ ಯಜಮಾನರು ಆಫೀಸಿನ ಮೀಟಿಂಗಿನಲ್ಲಿ ಗೋಡೆಗೆ ತೋರಿಸುತ್ತಿದ್ದದ್ದು.

ನಾಲ್ಕು ದಿನ ಅವಳು ಕನ್ನಡಿಗಳನ್ನು ಕೂದಲೆಳೆಯಷ್ಟು ಸರಿಸುತ್ತ, ಅಂಟಿಸುತ್ತ, ಕೀಳುತ್ತ ಕಳೆದಳು. ಐದನೆಯ ದಿನ ಬೆಳಿಗ್ಗೆ ಪರದೆ ಎಳೆದ ಅಡುಗೆಮನೆಯಲ್ಲಿ, ಬಿಳಿ ರಟ್ಟಿನ ಮೇಲೆ, ಕೆಂಪು ಕಪ್ಪು ಗೆರೆಗಳು ಬಂದು ನಿಂತವು. ದಿಂಬಿನ ಗೌಸಿನ ಪಟ್ಟೆಗಳ ಹಾಗೆ, ಒಂದರ ಪಕ್ಕ ಒಂದು. ನಾನು "ಅಯ್ಯೋ ಚೆನ್ನಾಗಿದೆಯಲ್ಲೇ" ಅಂತ ಒಂದು ಹೆಜ್ಜೆ ಮುಂದಿಟ್ಟೆ. ಗೆರೆಗಳು ನೀರಿನ ಹಾಗೆ ಕಲಕಿಹೋದವು.

"ಅಮ್ಮ, ನಡೀಬೇಡ."

ಆಗ ತಿಳಿಯಿತು, ನಮ್ಮ ಮನೆ ಎಷ್ಟು ನಡುಗುವ ಮನೆ ಎಂದು. ಫ್ರಿಜ್ ಗುಂಯ್ ಎಂದರೆ ಗೆರೆ ನಡುಗುತ್ತಿತ್ತು. ಮೇಲೆ ಯಜಮಾನರು ಕುರ್ಚಿ ತಿರುಗಿಸಿದರೆ ಗೆರೆ ಮಾಯ. ಫೋನನ್ನು ಕಲ್ಲಿನ ಮೇಲಿಟ್ಟು ವಿಡಿಯೊ ಮಾಡೋಣವೆಂದರೆ ಅದರ ಬಿಸಿಗೆ ಗೆರೆಗಳು ಒಂದೇ ದಿಕ್ಕಿಗೆ ಓಡತೊಡಗಿದವು.

"ಏನ್ರೀ, ಕುರ್ಚಿ ಅಲ್ಲಾಡಿಸ್ಬೇಡಿ," ಎಂದು ಮೆಟ್ಟಿಲ ಕೆಳಗಿಂದ ಕೂಗಿದೆ.

"ಮೀಟಿಂಗಲ್ಲಿದೀನಿ ಕಣೇ."

"ಹಾಗಾದ್ರೆ ನಿಂತ್ಕೊಂಡು ಮೀಟಿಂಗ್ ಮಾಡಿ."

ಪಕ್ಕದ ಮನೆಯ ಐರಿಷ್ ಅಜ್ಜಿ ಒಬ್ಬಂಟಿ. ನಡುವಿನ ಗೋಡೆಗೆ ತಾಗಿಯೇ ಅವರ ಬಟ್ಟೆ ಒಗೆಯುವ ಮಶೀನು. ಮಗಳು ಹಿತ್ತಿಲ ಬೇಲಿಯ ಮೇಲಿಂದ, ಬೆಳಿಗ್ಗೆ ಏಳರಿಂದ ಎಂಟರವರೆಗೆ ಮಶೀನು ಹಾಕಬೇಡಿ ಅಂತ ಕೇಳಿಕೊಂಡಳು. ಬೆಳಕಿಗೆ ತೊಂದರೆಯಾಗುತ್ತದೆ ಎಂದು ಕಾರಣವನ್ನೂ ಹೇಳಿದಳು. ಆ ಅಜ್ಜಿ ಒಂದೂ ಪ್ರಶ್ನೆ ಕೇಳಲಿಲ್ಲ. "ಯೂ ಆರ್ ಗ್ರ್ಯಾಂಡ್, ಲವ್," ಎಂದರು. ಆಗಲಿ, ಪರವಾಗಿಲ್ಲ ಎನ್ನುವುದಕ್ಕೆಲ್ಲ ಇಲ್ಲಿಯವರು ಗ್ರ್ಯಾಂಡ್ ಎನ್ನುತ್ತಾರೆ. ಆ ದಿನ ಮಾತ್ರ ಅದು ನನಗೆ ನಿಜವಾಗಿಯೂ ಗ್ರ್ಯಾಂಡ್ ಅನಿಸಿತು.

ಗೆರೆ ಮೂಡುವ ರಟ್ಟು ಕಲ್ಲಿನ ಮೇಲೆಯೇ ಇದ್ದದ್ದರಿಂದ, ಕಲ್ಲು ತಿರುಗಿದ ಹಾಗೆ ನೋಡುವವರೂ ಮೇಜಿನ ಸುತ್ತ ತಿರುಗಬೇಕು. ಮಗಳು ದಾರ ಎಳೆದು ಕಲ್ಲನ್ನು ತಿರುಗಿಸಿ, ನಿಲ್ಲಿಸಿ, ಬರೆದುಕೊಳ್ಳುವುದು. ನಾನು ಕಾಲುಚೀಲ ಹಾಕಿಕೊಂಡು, ಬಗ್ಗಿಕೊಂಡು, ಉಸಿರು ಬಿಗಿಹಿಡಿದು ಸುತ್ತು ಬರುವುದು. ತನಗೆ ಫಲಿತಾಂಶ ಮೊದಲೇ ಗೊತ್ತು, ಹಾಗಾಗಿ ಗೆರೆಯನ್ನು ತಾನು ನೋಡಕೂಡದು ಎಂಬುದು ಅವಳದೇ ನಿಯಮ. ರಟ್ಟಿನ ಮೇಲೆ ಅವಳು ಪೆನ್ಸಿಲಿನಲ್ಲಿ ಒಂದು ಗುರುತು ಹಾಕಿದ್ದಳು. ಎಂಟು ದಿಕ್ಕುಗಳಲ್ಲಿ, ಗೆರೆಗಳು ನೆಮ್ಮದಿಗೆ ಬಂದಮೇಲೆ, ಕಪ್ಪು ಗೆರೆ ಆ ಗುರುತಿನಿಂದ ಎಷ್ಟು ಸರಿದಿದೆ ಅಂತ ನಾನು ಹೇಳಬೇಕು. ಕಾಲು ಗೆರೆಯೋ, ಅರ್ಧ ಗೆರೆಯೋ, ಏನೂ ಇಲ್ಲವೋ. ದಿನವೆಲ್ಲ ಮನೆಯೊಳಗೆ ಸುತ್ತುತ್ತಲೇ ಇದ್ದವಳಿಗೆ ಕೊನೆಗೂ ಸುತ್ತಲು ಒಂದು ಕಾರಣ ಸಿಕ್ಕಿತ್ತು.

ಬೆಳಿಗ್ಗೆ ಏಳು ಗಂಟೆ, ಹೊರಗೆ ಇನ್ನೂ ಕತ್ತಲು. ಕ್ರಿಸ್‌ಮಸ್ ಕಳೆದಮೇಲೆ ಮೊದಲ ಸಲ ಮಗಳು ತಾನೇ ಎದ್ದಿದ್ದಳು, ತಲೆ ಬಾಚಿ ಜಡೆ ಹಾಕಿದ್ದಳು, ಎರಡು ದೋಸೆ ತಿಂದಿದ್ದಳು. ಇದನ್ನೆಲ್ಲ ನಾನು ನೋಡಿದ್ದೆ. ನೋಡಿದ್ದೇ ಮುಂದಿನದಕ್ಕೆ ಕಾರಣ.

"ಉತ್ತರ ದಿಕ್ಕು," ಎಂದಳು.

"ಏನೂ ಇಲ್ಲ," ಎಂದೆ. ಬರೆದುಕೊಂಡಳು.

ಎರಡನೆಯ ದಿಕ್ಕು. ಕಪ್ಪು ಗೆರೆ ಪೆನ್ಸಿಲ್ ಗುರುತಿನ ಮೇಲೆಯೇ ಇತ್ತು. "ಏನೂ ಇಲ್ಲ." ಅವಳ ಪೆನ್ನು ಒಂದು ಕ್ಷಣ ನಿಂತು ಆಮೇಲೆ ಬರೆಯಿತು. ಮೂರನೆಯ ದಿಕ್ಕು. ಗೆರೆ ಅಲ್ಲೇ ಇತ್ತು, ಮೊಳೆ ಹೊಡೆದ ಹಾಗೆ. ಇಷ್ಟು ದಿನ ಒದ್ದಾಡಿ ಕಟ್ಟಿದ್ದು, ಎರೆಹುಳು, ಬಾತುಕೋಳಿ, ಪಕ್ಕದ ಮನೆಯ ಅಜ್ಜಿಯ ಬಟ್ಟೆ, ಎಲ್ಲವೂ ಸೇರಿ ಏನೂ ಇಲ್ಲ ಎನ್ನುವುದಕ್ಕೆ ಬಂತೇ ಅನಿಸಿತು.

"ಕಾಲು ಗೆರೆ," ಎಂದೆ.

ಅವಳು ತಲೆಯೆತ್ತಿದಳು. "ಶ್ಯೂರ್?"

"ಹೂಂ. ಬಲಕ್ಕೆ."

ಈ ವಿದ್ಯೆಯನ್ನು ನಾನು ಎಲ್ಲಿ ಕಲಿತೆ ಅಂತ ಹೇಳಬೇಕು. ಕಾನ್ವೆಂಟಿನ ಲ್ಯಾಬಿನಲ್ಲಿ ಮೊದಲ ಲೋಲಕದ ಪ್ರಯೋಗಕ್ಕೆ ನಾನು ಕಂಡದ್ದನ್ನು ಕಂಡ ಹಾಗೆ ಬರೆದಿದ್ದೆ. ಉತ್ತರ ಪುಸ್ತಕದ ಉತ್ತರಕ್ಕೆ ಹತ್ತಿರವೂ ಬರಲಿಲ್ಲ. ಸಿಸ್ಟರ್ ಕೆಂಪು ಇಂಕಿನಲ್ಲಿ ಒಂದು ಸುತ್ತು ಹಾಕಿ 'ರಿಪೀಟ್' ಅಂತ ಬರೆದರು. ನನ್ನ ಪಕ್ಕದ ಹುಡುಗಿ ಮಧ್ಯಾಹ್ನದ ಊಟದ ಹೊತ್ತಿಗೆ, ಚಪಾತಿ ಸುರುಳಿ ಕಚ್ಚುತ್ತ, ಕಲಿಸಿಕೊಟ್ಟಳು. ಉತ್ತರ ಮೊದಲು ಬರಿ, ಆಮೇಲೆ ಅದರಿಂದ ಹಿಂದಕ್ಕೆ ನಡೆದುಕೊಂಡು ಬಾ. ಎಲ್ಲಾ ರೀಡಿಂಗೂ ಒಂದೇ ಥರ ಇಡಬೇಡ, ಅಲ್ಲಲ್ಲಿ ಒಂದು ಚೂರು ಹೆಚ್ಚು ಕಮ್ಮಿ ಮಾಡು, ನಿಜದ ಥರ ಕಾಣುತ್ತೆ. ಗ್ರಾಫಿನ ಗೆರೆ ನುಣ್ಣಗೆ ಬರಬೇಕು. ಹಾಗೆ ಮಾಡಿದ ಮೇಲೆ ಎರಡು ವರ್ಷ ನನ್ನ ರೆಕಾರ್ಡ್ ಪುಸ್ತಕದಲ್ಲಿ 'ಗುಡ್' ಬಿಟ್ಟು ಬೇರೆ ಬರಲಿಲ್ಲ. ಸುಳ್ಳು ಹೇಳಿದರೆ ಪ್ರಾರ್ಥನೆಯ ಚಾಪೆಲ್ಲಿಗೆ ಹೋಗಿ ಮಂಡಿಯೂರುವ ಶಾಲೆಯಲ್ಲಿ ಕಲಿತವಳು ನಾನು. ಆದರೆ ಅದು ಸುಳ್ಳು ಅಂತ ನನಗಾಗಲಿ ನನ್ನ ಗೆಳತಿಯರಿಗಾಗಲಿ ಅನಿಸಿಯೇ ಇರಲಿಲ್ಲ. ಅದು ಪ್ರಾಕ್ಟಿಕಲ್ಸು.

ಹಾಗಾಗಿ ನಾಲ್ಕನೆಯ ದಿಕ್ಕಿಗೆ ಅರ್ಧ ಎಂದೆ. ಐದಕ್ಕೆ ಅರ್ಧಕ್ಕಿಂತ ಒಂಚೂರು ಕಡಿಮೆ. ಆರಕ್ಕೆ ಕಾಲು. ಏಳಕ್ಕೂ ಎಂಟಕ್ಕೂ ಏನೂ ಇಲ್ಲ. ನುಣ್ಣಗೆ ಏರಿ ನುಣ್ಣಗೆ ಇಳಿಯಿತು.

ಅವಳು ಗ್ರಾಫ್ ಹಾಕಿದಳು. ಅದನ್ನು ನೋಡಿ ಕುರ್ಚಿಯ ಬೆನ್ನಿಗೆ ಒರಗಿ ನಕ್ಕುಬಿಟ್ಟಳು.

"ಅಮ್ಮ, ದಿಸ್ ಈಸ್ ಮ್ಯಾಡ್. ಅವರಿಗೆ ಏನೂ ಸಿಗ್ಲಿಲ್ಲ, ಗೊತ್ತಾ? ಝೀರೋ. ಗೆರೆ ಜರುಗಲೇ ಇಲ್ಲ. ಅದಕ್ಕೇ ಅವರು ಫೇಮಸ್. ಈಥರ್ ಇಲ್ವೇ ಇಲ್ಲ ಅಂತ ಜನ ಒಪ್ಕೊಂಡಿದ್ದು ಹಾಗೆ. ನೀನು ಅದನ್ನ ಕಿಚನ್ನಲ್ಲಿ ಹಿಡಿದ್ಬಿಟ್ಟೆ."

ನಾನು ದೋಸೆಯ ತಟ್ಟೆಗಳನ್ನು ಎತ್ತಿಕೊಂಡು ಸಿಂಕಿನ ಕಡೆಗೆ ತಿರುಗಿದೆ. ಆಗಲೇ ಹೇಳಬಹುದಿತ್ತು. ನಲ್ಲಿ ತಿರುಗಿಸಿದೆ.

ಮಿಸ್‌ಗೆ ಅವಳು ಅಂದೇ ಗ್ರಾಫ್ ಕಳಿಸಿದಳು. ಸಂಜೆ ಉತ್ತರ ಬಂತು; ಜೋರಾಗಿ ಓದಿ ಹೇಳಿದಳು. ತುಂಬಾ ಸೊಗಸಾದ ಗ್ರಾಫು, ಆದರೆ ಯೋಚಿಸಿ ನೋಡು. ಅವರ ಕಲ್ಲಿನ ಮೇಲೆ ಬೆಳಕು ಕನ್ನಡಿಯಿಂದ ಕನ್ನಡಿಗೆ ಓಡಿ ಹನ್ನೊಂದು ಮೀಟರ್ ದಾರಿ ಸವೆಸಿತ್ತು, ಅಷ್ಟಕ್ಕೂ ಅವರು ಕಾದದ್ದು ಅರ್ಧ ಗೆರೆಗಿಂತ ಕಡಿಮೆ. ನಿನ್ನದು ಒಂದು ಗೇಣು ದಾರಿ. ಈಥರ್ ನಿಜವಾಗಿ ಇದ್ದಿದ್ದರೂ ನಿನ್ನ ಗೆರೆ ಕಣ್ಣಿಗೆ ಕಾಣುವಷ್ಟು ಜರುಗುತ್ತಿರಲಿಲ್ಲ. ಎಲ್ಲೋ ಏನೋ ಸಡಿಲವಾಗಿದೆ, ಹುಡುಕು.

ಅವಳು ಹುಡುಕಿದಳು. ಅದೇ ನನಗೆ ನೋಡಲಾಗಲಿಲ್ಲ. ಎಲ್ಲಾ ಕನ್ನಡಿಗಳನ್ನು ಕಿತ್ತು ಮತ್ತೆ ಅಂಟಿಸಿದಳು. ಕಲ್ಲಿಗೆ ರಜಾಯಿ ಸುತ್ತಿದಳು. ಟ್ಯೂಬಿನ ಗಾಳಿ ಬದಲಿಸಿದಳು. ಪೀಠ ಓಲುತ್ತಿದೆಯೇ ಅಂತ ನೀರು ತುಂಬಿದ ಲೋಟ ಇಟ್ಟು ನೋಡಿದಳು. ನಾನು ಅವಳ ಹಿಂದೆಮುಂದೆ ಸುಳಿಯುತ್ತಿದ್ದೆ, ಟೀ ತಂದಿಡುತ್ತಿದ್ದೆ, ಕುಡಿಯದೆ ಆರಿದ ಟೀ ಎತ್ತಿಕೊಂಡು ಹೋಗುತ್ತಿದ್ದೆ.

ಮೂರನೆಯ ದಿನ ಮತ್ತೆ ಎಂಟು ದಿಕ್ಕು. ಗೆರೆ ಮತ್ತೆ ಅಲ್ಲೇ ಇತ್ತು. ಈಗ ಇದ್ದದ್ದನ್ನು ಹೇಳಿದರೆ, ಮೊನ್ನೆ ಯಾಕೆ ಹಾಗೆ, ಇವತ್ತು ಯಾಕೆ ಹೀಗೆ ಅಂತ ನನ್ನ ಕಡೆಗೇ ತಿರುಗುತ್ತಾಳೆ. ಅದಕ್ಕೆ ಹೆದರಿ ಮೊನ್ನೆಯದನ್ನೇ ಮತ್ತೆ ಹೇಳಿದೆ. ಗೆಳತಿ ಕಲಿಸಿದ ಹಾಗೆ ಅಲ್ಲಲ್ಲಿ ಒಂಚೂರು ಹೆಚ್ಚು ಕಮ್ಮಿ ಮಾಡಿ. ಮೊದಲ ದಿನ ಮಗಳ ಮೇಲಿನ ಅಕ್ಕರೆಗೆ ಹೇಳಿದ್ದೆ ಅಂತಲಾದರೂ ಅನ್ನಬಹುದು. ಎರಡನೆಯ ಸಲ ಹೇಳಿದ್ದು ನನ್ನನ್ನು ಉಳಿಸಿಕೊಳ್ಳಲು.

ಮಾರನೆಯ ದಿನ ಅವಳು ಏಳಲಿಲ್ಲ. ಹತ್ತು ಗಂಟೆಗೆ ಹೋಗಿ ಕರೆದರೆ ಗೋಡೆಗೆ ಮುಖ ಮಾಡಿಯೇ ಹೇಳಿದಳು, "ಮಿಸ್‌ಗೆ ಮೆಸೇಜ್ ಮಾಡಿದೀನಿ. ನಾನೂ ಲೋಲಕನೇ ಮಾಡ್ತೀನಿ ಅಂತ. ಶುಕ್ರವಾರ ಕೊಡ್ಬೇಕು. ಟೈಮಿಲ್ಲ."

"ಆ ಕಲ್ಲು?"

"ಹೊರಗೆ ಹಾಕ್ಬಿಡು."

ನಾನು ಕೋಟು ಹಾಕಿಕೊಂಡು ಹೊರಗೆ ಬಂದೆ. ನಮ್ಮ ಮನೆಗಳ ನಡುವಿನ ಹುಲ್ಲಿನ ಮೈದಾನದ ಸುತ್ತ ನಡೆದೆ. ಕಾಲಿನ ಕೆಳಗೆ ಹುಲ್ಲು ಹಿಮಗಟ್ಟಿ ಕರಕರ ಎನ್ನುತ್ತಿತ್ತು. ಒಂದು ಸುತ್ತು, ಇನ್ನೊಂದು ಸುತ್ತು. ಬಾಗಿಲಲ್ಲಿ ಹಾಲಿನ ಡಬ್ಬ ಎತ್ತಿಕೊಳ್ಳುತ್ತಿದ್ದ ಪಕ್ಕದ ಮನೆಯ ಅಜ್ಜಿ, ಈಗ ಬಟ್ಟೆ ಒಗೆಯಬಹುದೇ ಅಂತ ದೂರದಿಂದಲೇ ಕೇಳಿದರು. ಅವರು ಅಷ್ಟೂ ದಿನ ಏಳರಿಂದ ಎಂಟು ಅಂತಲ್ಲ, ಮಧ್ಯಾಹ್ನದವರೆಗೂ ಮಶೀನು ಹಾಕಿರಲಿಲ್ಲವಂತೆ. ಬೆಳಕಿಗೆ ಇನ್ನೂ ಬೇಕಾಗಬಹುದು ಅಂತ. ಒಗೆಯಿರಿ ಅಂತ ಹೇಳಲು ಬಾಯಿ ಬರಲಿಲ್ಲ. ಇನ್ನೊಂದೆರಡು ದಿನ ಅಂತ ಹೇಳಿ ನೇರ ಮನೆಗೆ ಬಂದೆ, ಕೋಟು ಬಿಚ್ಚದೆ ಮಹಡಿ ಹತ್ತಿದೆ.

"ಪುಟ್ಟಾ, ಆ ಗೆರೆ ಅಲ್ಲಾಡಲೇ ಇಲ್ಲ."

"ಯಾವ್ ಗೆರೆ?"

"ಯಾವುದೂ. ಎರಡು ಸಲವೂ. ಕಾಲು, ಅರ್ಧ ಎಲ್ಲಾ ನಾನೇ ಹೇಳಿದ್ದು."

ಅವಳು ಎದ್ದು ಕೂತಳು. "ಯೂ ಮೇಡ್ ಇಟ್ ಅಪ್?"

"ಹೂಂ."

"ಯಾಕೆ?"

"ಸೊನ್ನೆ ಬಂದ್ರೆ ನಿಂಗೆ ಬೇಜಾರಾಗುತ್ತೆ ಅಂತ. ಎರಡನೇ ಸಲ… ಎರಡನೇ ಸಲ ಹೆದರಿಕೆಗೆ."

ಕೂಗಾಡುತ್ತಾಳೆ ಅಂದುಕೊಂಡಿದ್ದೆ. ಅವಳು ತನ್ನ ಎರಡು ಕೈಗಳನ್ನು ರಜಾಯಿಯ ಮೇಲಿಟ್ಟು ನೋಡಿಕೊಂಡಳು. ಬೆರಳುಗಳ ತುದಿಯಲ್ಲಿ ಒಣಗಿದ ಅಂಟು ಬೆಳ್ಳಗೆ ಸಿಪ್ಪೆ ಏಳುತ್ತಿತ್ತು.

"ನನ್ ಕೈ ಸರಿ ಇಲ್ಲ ಅಂದ್ಕೊಂಡೆ ಅಮ್ಮ," ಎಂದಳು. "ನಾನು ಏನು ಮಾಡಿದ್ರೂ ಲೂಸ್ ಆಗುತ್ತೆ ಅಂತ."

ಆಮೇಲೆ, "ಪ್ಲೀಸ್ ಗೋ," ಎಂದಳು. ಹೋದೆ.

ರಾತ್ರಿಯ ಊಟಕ್ಕೆ ಅವಳು ಇಳಿದು ಬಂದಳು. ಚಪ್ಪಡಿ ಮೇಜಿನ ಮೇಲೇ ಇದ್ದದ್ದರಿಂದ ಎಲ್ಲರೂ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಉಣ್ಣುತ್ತಿದ್ದೆವು. ನಾನೇ ಯಜಮಾನರಿಗೆ ವಿಷಯ ಹೇಳಿದೆ. ಅವರು ಸಾರಿನಲ್ಲಿ ಅನ್ನ ಕಲಸುತ್ತ, ನನ್ನನ್ನು ಬಚಾವು ಮಾಡುವ ಹುಮ್ಮಸ್ಸಿನಲ್ಲಿ, "ಅದಕ್ಕೇನೀಗ. ನಾವೂ ಎಲ್ಲಾ ಹಾಗೇ ಮಾಡಿದ್ದು. ನಾನಂತೂ ಎಷ್ಟೋ ಪ್ರಯೋಗ ನೋಡ್ದೇನೇ ರೆಕಾರ್ಡ್ ಬರ್ದಿದೀನಿ," ಎಂದರು.

ಮಗಳು ಚಮಚ ಕೆಳಗಿಟ್ಟಳು. "ಇಬ್ರೂನಾ?"

"ಇಡೀ ಕ್ಲಾಸು."

"ದೆನ್ ಹೂ ಬಿಲ್ಟ್ ದ ಬ್ರಿಡ್ಜಸ್?"

"ನಾನು ಸಾಫ್ಟ್‌ವೇರಮ್ಮ," ಎಂದರು ಅವರು. "ನನ್ನ ಸೇತುವೆ ಮೇಲೆ ಯಾರೂ ಓಡಾಡಲ್ಲ."

ಅವಳು ನಗಲಿಲ್ಲ. ಆದರೆ ನಗದೆ ಇರಲು ನೀರು ಕುಡಿದಳು, ನಾನು ನೋಡಿದೆ.

ಮಾರನೆಯ ದಿನ ಗುರುವಾರ. ಆರೂವರೆಗೆ ನನ್ನ ಕೋಣೆಯ ಬಾಗಿಲು ತಟ್ಟಿದಳು. ಜಡೆ ಹಾಕಿದ್ದಳು.

"ಅಮ್ಮ, ಏಳು. ಮಿಸ್‌ಗೆ ಬರ್ದಿದೀನಿ, ಲೋಲಕ ಬೇಡ ಅಂತ."

"ನಾನಾ? ಅಪ್ಪನ್ನ ಎಬ್ಬಿಸು, ಅವರು ಗೆರೆ ನೋಡ್ಲಿ."

"ಅಪ್ಪ ಬೇಡ. ಅಪ್ಪ ನೋಡ್ದೇನೇ ಬರ್ಯೋರು. ನೀನು ನೋಡಿ ಸುಳ್ಳು ಹೇಳ್ದೋಳು. ನಿಂಗೆ ಅಟ್‌ಲೀಸ್ಟ್ ನೋಡೋಕೆ ಬರುತ್ತೆ."

ಅದು ಕ್ಷಮೆಯೋ ಚುಚ್ಚುಮಾತೋ ನನಗೆ ಈಗಲೂ ಸರಿಯಾಗಿ ಗೊತ್ತಿಲ್ಲ. ಕಾಲುಚೀಲ ಹಾಕಿಕೊಂಡು ಇಳಿದೆ.

ಅಡುಗೆಮನೆಯ ಬಾಗಿಲಿಗೆ ಅವಳು ವರದಿಯ ಒಂದು ಹಾಳೆಯನ್ನು ಅಂಟಿಸಿದ್ದಳು. ತಪ್ಪು ಬರಲು ಕಾರಣಗಳು ಎಂಬ ಪಟ್ಟಿ ಅದು. ಫ್ರಿಜ್ಜು, ಅಪ್ಪನ ಕುರ್ಚಿ, ಫೋನಿನ ಬಿಸಿ, ಪಕ್ಕದ ಮನೆಯ ಮಶೀನು. ಕೊನೆಯಲ್ಲಿ, ನೋಡುವವರಿಗೆ ಗೆರೆ ಜರುಗಲಿ ಅಂತ ಆಸೆ ಇತ್ತು, ಆ ಎರಡು ದಿನದ ಅಂಕಿಗಳನ್ನು ಬಿಟ್ಟಿದ್ದೇನೆ ಎಂದಿತ್ತು. ಹೆಸರು ಹಾಕಿರಲಿಲ್ಲ. ಫ್ರಿಜ್ಜಿನ ಸಾಲಿನಲ್ಲಿ ನಾನೂ ಒಬ್ಬಳು.

ಲೈಟ್ ಆರಿಸಿದಳು. ಕೆಂಪು ಕಪ್ಪು ಗೆರೆಗಳು ಬಂದು, ನಡುಗಿ, ನಿಂತವು.

"ಉತ್ತರ."

"ಏನೂ ಇಲ್ಲ."

ದಾರ ಎಳೆದಳು. ಕಲ್ಲು ತಿರುಗಿತು. ನಾನು ಬಗ್ಗಿ ನಡೆದೆ, ನಿಂತೆ, ಕಾದೆ.

"ಏನೂ ಇಲ್ಲ."

ಮೂರನೆಯದಕ್ಕೆ ನನ್ನ ನಾಲಿಗೆಯ ತುದಿಗೆ ಕಾಲು ಗೆರೆ ತಾನಾಗಿಯೇ ಬಂದು ಕೂತಿತ್ತು. ಅದನ್ನು ನುಂಗಿದೆ. "ಏನೂ ಇಲ್ಲ." ನಾಲ್ಕು, ಏನೂ ಇಲ್ಲ. ಪ್ರತಿ ಸಲವೂ ಅವಳ ಪೆನ್ನು ಒಂದೇ ವೇಗದಲ್ಲಿ ಒಂದು ಸೊನ್ನೆ ಸುತ್ತುವುದು ಕೇಳಿಸುತ್ತಿತ್ತು. ಐದನೆಯದಕ್ಕೆ ಗುರುತಿನ ಮೇಲಿದ್ದ ಕಪ್ಪು ಗೆರೆ ನಾನು ನೋಡುತ್ತಿದ್ದ ಹಾಗೆಯೇ ಎಡಕ್ಕೆ ಹಾರಿತು.

ಇದನ್ನು ಹೇಳಿದರೆ ನಂಬುತ್ತಾಳೆಯೇ? ಹೇಳದೆ ಬಿಟ್ಟರೆ ಎಂಟೂ ಸೊನ್ನೆ, ಮಿಸ್‌ಗೂ ಅದೇ ಬೇಕು, ಪುಸ್ತಕದಲ್ಲೂ ಅದೇ ಇದೆ.

"ಅಮ್ಮ?"

"ಜರುಗಿತು," ಎಂದೆ. "ಅರ್ಧ ಗೆರೆ. ಎಡಕ್ಕೆ."

ಕತ್ತಲಲ್ಲಿ ಅವಳ ಪೆನ್ನು ನಿಂತಿತು. ಮುಖ ಕಾಣುತ್ತಿರಲಿಲ್ಲ.

"ನಿಜವಾಗ್ಲೂ?"

"ನಿಜವಾಗ್ಲೂ. ಈಗ ಮತ್ತೆ ಗುರುತಿಗೇ ವಾಪಸ್ ಬಂತು. ಮೇಲೆ ಅಪ್ಪ ಎದ್ರು ಅನ್ಸುತ್ತೆ."

ಇಬ್ಬರೂ ಕಿವಿಗೊಟ್ಟೆವು. ತಲೆಯ ಮೇಲೆ ಹಲಗೆ ಕಿರುಗುಟ್ಟಿತು. ಬಚ್ಚಲಿನ ಬಾಗಿಲು ತೆರೆದ ಸದ್ದಾಯಿತು.

ಅವಳ ಪೆನ್ನು ಮತ್ತೆ ಚಲಿಸಿತು. ಈ ಸಲ ಸೊನ್ನೆಗಿಂತ ಉದ್ದದ್ದು ಏನನ್ನೋ ಬರೆದಳು. ಆಮೇಲೆ ಅವಳು ದಾರ ಹಿಡಿದಳು, ಎಳೆಯಲಿಲ್ಲ; ಅವಳ ಅಪ್ಪ ಬಚ್ಚಲಿನಿಂದ ಹೊರಗೆ ಬರುವವರೆಗೆ ಇಬ್ಬರೂ ಕಾದೆವು.